ಎರೆಹೊಲದ ಹತ್ತಿ, ಕಡಲಾಚೆಯ ಯುದ್ಧ

ಊರಿನ ಇತಿಹಾಸವನ್ನು ಊರಿನೊಳಗೇ ಕುಳಿತು ಬರೆದು ಮುಗಿಸಬಹುದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಧಾರವಾಡ ಸೀಮೆಯ ಹತ್ತಿಯ ವೃತ್ತಾಂತ ಈ ನಂಬಿಕೆಯನ್ನು ಅಲುಗಿಸುತ್ತದೆ.

1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕೆಯ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಇಲ್ಲಿಯ ಎರೆಹೊಲಗಳಲ್ಲಿ ಬಿತ್ತಿಸಿತು. ಅದು ಇಲ್ಲಿ ಬೇರೂರಿ ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆಯಿತು. 1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ತಡೆಗಟ್ಟಿತು. ಅರಳೆಯಿಲ್ಲದೆ ಲ್ಯಾಂಕಶೈರಿನ ಗಿರಣಿಗಳು ನಿಂತವು. ಹುಬ್ಬಳ್ಳಿಯ ಪೇಟೆಯಲ್ಲಿ ಹತ್ತಿಯ ಧಾರಣೆ ಏರಿತು. 1865ರಲ್ಲಿ ಯುದ್ಧ ಮುಗಿದೊಡನೆ ಆ ಧಾರಣೆ ಕುಸಿಯಿತು.

ನಮ್ಮ ನಾಡಿನ ನಕಾಶೆಯನ್ನೂ ಹತ್ತಿ ತಿದ್ದಿತು. ಅರಳೆಯನ್ನು ಘಟ್ಟವಿಳಿಸಿ ಹಡಗಿಗೇರಿಸಲು ಕಾರವಾರದ ಬಂದರು ಬೇಕೆಂದು ಮ್ಯಾಂಚೆಸ್ಟರಿನವರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಅವೆರಡೂ ಮರಳಿ ಒಂದೇ ರಾಜ್ಯದಲ್ಲಿ ಕೂಡಿದ್ದು 1956ರಲ್ಲಿ.

ಧಾರವಾಡದ ಕಂದಾಯ ದಫ್ತರವನ್ನಷ್ಟೇ ನೋಡಿದವನಿಗೆ ಧಾರಣೆ ಏರಿದ್ದು ಕಾಣುತ್ತದೆ, ಏಕೆ ಏರಿತೆಂಬುದು ಕಾಣದು. ಲಂಡನ್ನಿನ ಕಾಗದಗಳನ್ನಷ್ಟೇ ಓದಿದವನಿಗೆ ಅಂಡಿಗೆಗಳ ಲೆಕ್ಕ ಸಿಗುತ್ತದೆ, ಜೋಳ ಬಿಟ್ಟು ಹತ್ತಿ ಬಿತ್ತಿದ ಒಕ್ಕಲಿಗನ ಎದೆಗುದಿ ಸಿಗದು. ಎರಡನ್ನೂ ಜೊತೆಗಿಟ್ಟು ಓದಬೇಕೆಂದೇ ನಾನು ಹೇಳುವುದು.

ಮಿಸಿಸಿಪಿಯ ದಂಡೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಗುಲಾಮನೂ ನವಲಗುಂದದ ಒಕ್ಕಲಿಗನೂ ಒಬ್ಬರನ್ನೊಬ್ಬರು ಕಂಡವರಲ್ಲ. ಆದರೂ ಒಬ್ಬನ ಬಿಡುಗಡೆಯ ಯುದ್ಧ ಇನ್ನೊಬ್ಬನ ಮನೆಯ ಲೆಕ್ಕವನ್ನು ಏರುಪೇರು ಮಾಡಿತು. ಇವರಿಬ್ಬರಿಗೂ ಎಡೆಗೊಡದ ಇತಿಹಾಸ ನಮ್ಮ ಊರಿನ ಪೂರ್ಣ ಇತಿಹಾಸವಾಗಲಾರದು.