ಹೈಪೋ ನೀರಿನ ಬೆಳ್ಳಿ

ಸುವರ್ಣ ಮಹೋತ್ಸವದ ಸಮಿತಿಯವರು ಲೇಖನ ಕೇಳಲು ಮನೆಗೆ ಬಂದಾಗ ವಿಷಯವನ್ನೂ ತಾವೇ ಗೊತ್ತುಮಾಡಿಕೊಂಡು ಬಂದಿದ್ದರು: ನಮ್ಮ ಛಾಯಾಗ್ರಾಹಕರ ಸಹಕಾರ ಸಂಘ ಮತ್ತು ಪರಿಸರ. ದೊಡ್ಡ ಕಂಪನಿಗಳು ವರ್ಷಕ್ಕೊಮ್ಮೆ ಸುಸ್ಥಿರತೆಯ ವರದಿ ಹೊರಡಿಸುತ್ತವೆ, ಸಣ್ಣದಾದರೂ ನಮ್ಮದೂ ಒಂದು ಅಂಗಡಿ, ಒಂದು ಲ್ಯಾಬು ಅಲ್ಲವೇ ಎಂದರು ಕಾರ್ಯದರ್ಶಿಗಳು. ಒಪ್ಪಿಕೊಂಡೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸಂಘದ ಅಂಗಡಿಯಲ್ಲಿ ರೋಲು, ಪೇಪರು ಕಟ್ಟಿಕೊಡುವ ಕೆಲಸಕ್ಕೆ ಸೇರಿದವನು ನಾನು. ಸಂಘ ಕಟ್ಟಿದ ಏಳು ಮಂದಿಯ ಋಣ ನನ್ನ ಮೇಲಿದೆ. ಅವರ ಹೆಸರು, ಭಾವಚಿತ್ರಗಳು ಈ ಸಂಚಿಕೆಯ ಮೊದಲ ಪುಟಗಳಲ್ಲೇ ಇವೆ. ಚಿತ್ರದುರ್ಗದ ಜನ ಅವರನ್ನು ಸ್ಟುಡಿಯೊ ಇದ್ದ ಪೇಟೆಯ ಹೆಸರು ಹಿಡಿದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಆಗ ಫಿಲ್ಮಿಗೆ ಬರ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೋಲು, ಪೂರ್ವ ಜರ್ಮನಿಯಿಂದ ಬರುತ್ತಿದ್ದ ‘ಓರ್ವೊ’, ಸಿಕ್ಕಿದ್ದೇ ಭಾಗ್ಯ. ಲಗ್ನದ ತಿಂಗಳಲ್ಲಿ ಬೆಂಗಳೂರಿಗೆ ಹೋಗಿ ದಿನವಿಡೀ ಕಾದು ನಾಲ್ಕು ರೋಲು ತಂದವರಿದ್ದಾರೆ. ಒಬ್ಬೊಬ್ಬರೇ ಅಲೆಯುವ ಬದಲು ಎಲ್ಲರೂ ಷೇರು ಹಾಕಿ ಒಂದೇ ಅಂಗಡಿ ಇಡೋಣ ಎಂದವರು ದೊಡ್ಡಪೇಟೆ ಯಜಮಾನರು. ಷೇರಿನ ಹಣಕ್ಕೆ ಒಬ್ಬರು ಹೆಂಡತಿಯ ಬಳೆ ಅಡವಿಟ್ಟರು. ಇನ್ನೊಬ್ಬರು ತಮ್ಮ ಎನ್‌ಲಾರ್ಜರನ್ನೇ ಹೊತ್ತು ತಂದು, ಇದೇ ನನ್ನ ಷೇರು ಅಂತ ಇಟ್ಟರು. ಆ ಎನ್‌ಲಾರ್ಜರಿನಲ್ಲಿ ನಾನು ಹದಿನಾಲ್ಕು ವರ್ಷ ಪ್ರಿಂಟ್ ಹಾಕಿದ್ದೇನೆ.

ನಮ್ಮ ಕಸುಬಿಗೆ ನೀರು ಬಹಳ ಬೇಕು. ಆಗಿನ ಫೈಬರ್ ಪೇಪರು, ಚಿತ್ರವನ್ನು ಕಾಯಂ ಮಾಡುವ ಹೈಪೋ ದ್ರಾವಣವನ್ನು ಹೀರಿಕೊಂಡರೆ ಬೇಗ ಬಿಡುವುದಿಲ್ಲ. ಹೆಚ್ಚುಕಡಿಮೆ ಒಂದು ಗಂಟೆ ಹರಿಯುವ ನೀರಿನಲ್ಲಿ ತೊಳೆಯದಿದ್ದರೆ ಕೆಲವೇ ವರ್ಷಗಳಲ್ಲಿ ಚಿತ್ರ ಹಳದಿಗಟ್ಟುತ್ತದೆ. ಬೇಸಿಗೆಯಲ್ಲಿ ಬಿಂದಿಗೆ ನೀರಿಗೆ ಸಾಲು ನಿಲ್ಲುವ ಊರು ನಮ್ಮದು. ಇದಕ್ಕೆ ದಾರಿ ಹುಡುಕಿದವರು ಸಂತೆಪೇಟೆ ಮೇಷ್ಟ್ರು. ಹಗಲು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ, ಸಂಜೆ ಸ್ಟುಡಿಯೊ. ಒಂದು ಭಾನುವಾರ ನಮ್ಮನ್ನೆಲ್ಲ ಕೋಟೆಗೆ ಕರೆದುಕೊಂಡು ಹೋದರು. ಗೋಪಾಲಸ್ವಾಮಿ ಹೊಂಡ ತುಂಬಿ ಚೆಲ್ಲಿದ ನೀರು ಅಕ್ಕತಂಗಿ ಹೊಂಡ, ಸಿಹಿನೀರು ಹೊಂಡಗಳನ್ನು ದಾಟಿ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವುದನ್ನು ಬೆರಳು ಮಾಡಿ ತೋರಿಸಿದರು. "ಪಾಳೇಗಾರರ ಕಾಲದೋರು ಒಂದು ಹನೀನೂ ಬಿಟ್ಟಿಲ್ಲ ನೋಡ್ರಪ್ಪಾ, ನಾವ್ಯಾಕೆ ಮೋರಿಗೆ ಬಿಡ್ತೀವಿ?" ಎಂದರು.

ಮರುವಾರ ಡಾರ್ಕ್‌ರೂಮಿನಲ್ಲಿ ಮೂರು ತಗಡಿನ ಟ್ರೇಗಳು ಮೆಟ್ಟಿಲಿನಂತೆ ಕೂತವು. ನಲ್ಲಿ ನೀರು ಮೇಲಿನ ಟ್ರೇಗೆ ಬಿದ್ದು, ತುಂಬಿ ನಡುವಿನದಕ್ಕೆ, ಅಲ್ಲಿಂದ ಕೆಳಗಿನದಕ್ಕೆ ಇಳಿಯುವುದು. ಹೈಪೋದಿಂದ ತೆಗೆದ ಚಿತ್ರ ಮೊದಲು ಕೆಳಗಿನ ಟ್ರೇಗೆ, ಆಮೇಲೆ ಒಂದೊಂದೇ ಮೆಟ್ಟಿಲು ಮೇಲಕ್ಕೆ. ನೀರು ಇಳಿಯುತ್ತಿತ್ತು, ಚಿತ್ರ ಹತ್ತುತ್ತಿತ್ತು. ಒಂದು ಟ್ರೇಗೆ ಬಿಡುತ್ತಿದ್ದಷ್ಟೇ ನೀರು ಮೂರಕ್ಕೂ ಸಾಕಾಯಿತು.

ಬೆಳ್ಳಿಯ ಕಥೆ ಶುರುವಾದದ್ದು 1980ರಲ್ಲಿ. ಅಮೆರಿಕದ ಹಂಟ್ ಸಹೋದರರು ಬೆಳ್ಳಿ ಕೂಡಿಹಾಕಿದ್ದರಿಂದ ಆ ವರ್ಷದ ಜನವರಿಯಲ್ಲಿ ಔನ್ಸಿನ ಬೆಲೆ 50 ಡಾಲರಿನ ಹತ್ತಿರಕ್ಕೆ ಏರಿತ್ತು. ಫಿಲ್ಮು, ಪೇಪರು ಎರಡರ ಜೀವವೂ ಬೆಳ್ಳಿಯೇ ಆದ್ದರಿಂದ ಅದರ ಬಿಸಿ ನಮಗೂ ತಟ್ಟಿತು. ಚಿಂತೆಯಲ್ಲಿ ಕೂತಿದ್ದ ಸಭೆಗೆ ಮೇಷ್ಟ್ರು ಒಂದು ಬಾಟ್ಲಿ ಹಳೇ ಹೈಪೋ, ಒಂದು ತುಂಡು ತಾಮ್ರದ ತಂತಿ ತಂದರು. ತಂತಿಯನ್ನು ಉಜ್ಜಿ ಹೊಳಪು ಬರಿಸಿ ಅದರಲ್ಲಿ ಅದ್ದಿದರು. ಸ್ವಲ್ಪ ಹೊತ್ತಿಗೆ ಕೆಂಪು ತಂತಿ ಬೆಳ್ಳಗಾಗಿ ಹೊರಬಂತು. ಸಭೆ ಮಾತು ನಿಲ್ಲಿಸಿತು. ನಾವು ದಿನಾ ಮೋರಿಗೆ ಸುರಿಯುತ್ತಿದ್ದದ್ದು ಬೆಳ್ಳಿ!

ಹೈಪೋ ಬೆಳ್ಳಿಯ ಲವಣವನ್ನು ಕರಗಿಸುತ್ತದೆಂದು ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಬೆಳಕು ತಾಗಿದ ಕಡೆ ಬೆಳ್ಳಿ ಕಪ್ಪಾಗಿ ಚಿತ್ರದಲ್ಲಿ ಉಳಿಯುತ್ತದೆ, ತಾಗದ ಕಡೆಯದು ಹೈಪೋದಲ್ಲಿ ಕರಗಿ ಹೋಗುತ್ತದೆ. ಕಲರ್‌ನಲ್ಲಂತೂ ಕೊನೆಗೆ ಉಳಿಯುವುದು ಬಣ್ಣ ಮಾತ್ರ; ಬೆಳ್ಳಿಯೆಲ್ಲ ದ್ರಾವಣಕ್ಕೇ ಸೇರುತ್ತದೆ. ಹಾಗೆ ಕರಗಿದ ಬೆಳ್ಳಿ ನೀರಿನ ಸಣ್ಣ ಜೀವಿಗಳಿಗೆ ವಿಷವಾಗಬಲ್ಲದು ಎಂದು ಮೇಷ್ಟ್ರು ಅಂದೇ ಎಚ್ಚರಿಸಿದರು. ಅವರ ಸ್ಟುಡಿಯೊದ ಹಿಂದಿನ ಮೋರಿ ಒಂದು ಬಾವಿಯ ಪಕ್ಕದಲ್ಲೇ ಹರಿಯುತ್ತಿತ್ತು. ಅದು ಅವರ ನಿದ್ದೆ ಕೆಡಿಸಿತ್ತೆಂದು ಆಮೇಲೆ ತಿಳಿಯಿತು.

ಪ್ರತಿ ಶನಿವಾರ ಸೈಕಲ್ಲಿಗೆ ಎರಡು ಕ್ಯಾನ್ ಕಟ್ಟಿಕೊಂಡು ಸ್ಟುಡಿಯೊಗಳಿಂದ ಹಳೇ ಹೈಪೋ ತರುವ ಕೆಲಸ ನನ್ನ ಪಾಲಿಗೆ ಬಂತು. ಅಂಗಡಿಯ ಹಿತ್ತಲಲ್ಲಿ ಒಂದು ಪ್ಲಾಸ್ಟಿಕ್ ಡ್ರಮ್ಮು, ಅದರ ತುಂಬ ಪಾತ್ರೆ ತಿಕ್ಕುವ ಉಕ್ಕಿನ ನಾರು. ಹೈಪೋ ಅದರೊಳಗೆ ನಿಧಾನ ಇಳಿಯುವಾಗ ಕಬ್ಬಿಣ ಕರಗಿ, ಬೆಳ್ಳಿ ಕಪ್ಪು ಗಸಿಯಾಗಿ ತಳ ಸೇರುತ್ತಿತ್ತು. ಗಸಿ ಒಣಗಿಸಿ ಲಕ್ಷ್ಮಿ ಬಜಾರಿನ ಅಕ್ಕಸಾಲಿಗರಲ್ಲಿಗೆ ಒಯ್ಯುತ್ತಿದ್ದೆವು. ಅವರು ಬಿಳಿಗಾರ ಹಾಕಿ ಮೂಸೆಯಲ್ಲಿ ಕಾಯಿಸಿ, ಮೊದಲ ಸಲ ಒಂದು ಹುಣಸೆಬೀಜದಷ್ಟು ಗುಂಡು ತೆಗೆದು ಅಂಗೈಗಿಟ್ಟಾಗ ದೊಡ್ಡಪೇಟೆ ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡರು. ಅದನ್ನು ಮಾರಲಿಲ್ಲ. ಇಂದಿಗೂ ಆಯುಧಪೂಜೆಯ ದಿನ ಕ್ಯಾಮೆರಾಗಳ ಮುಂದೆ ಕುಂಕುಮ ಹಚ್ಚಿ ಇಡುವುದು ಆ ಗುಂಡನ್ನೇ. ಆಮೇಲಿನ ಬೆಳ್ಳಿಯ ಹಣದಲ್ಲಿ ಡ್ರೈಯರ್ ಬಂತು, ಇಬ್ಬರು ಸದಸ್ಯರ ಮಕ್ಕಳ ಕಾಲೇಜು ಫೀಸು ಕಟ್ಟಿದೆವು.

ಮುಂದಿನ ವರ್ಷಗಳು ಬೇಗ ಸರಿದವು. ಬೇಗ ತೊಳೆಯಬಹುದಾದ ಆರ್‌ಸಿ ಪೇಪರು ಬಂತು. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ಕಲರ್ ರೋಲುಗಳಿಗೆ ಊರಲ್ಲೇ ಮಿನಿಲ್ಯಾಬ್ ಆಯಿತು. ಹರಿಯುವ ನೀರಿನ ಬದಲು ಸ್ಟೆಬಿಲೈಸರ್ ಬಳಸುವ ಯಂತ್ರವನ್ನೇ ಸಂಘ ಆರಿಸಿಕೊಂಡಿತು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಅಲ್ಲಿನ ಸದಸ್ಯರು ತಮ್ಮದೇ ಸಂಘ ಕಟ್ಟಿಕೊಂಡರು, ನಾವು ಹಾರ ಹಾಕಿ ಕಳಿಸಿಕೊಟ್ಟೆವು.

ಡಿಜಿಟಲ್ ಬಂದಾಗ ಸ್ಟುಡಿಯೊಗಳು ಸೊರಗಿದವು. ಹಳೇ ನೆಗೆಟಿವ್‌ಗಳನ್ನು ಬೆಳ್ಳಿಗಾಗಿ ತೂಕದ ಮೇಲೆ ಕೊಳ್ಳುವವರು ಊರೂರು ತಿರುಗುತ್ತಿದ್ದ ಕಾಲ ಅದು. ಹೈಪೋದಿಂದ ಬೆಳ್ಳಿ ತೆಗೆಯುವವರು ನೆಗೆಟಿವ್‌ನಿಂದ ಯಾಕೆ ತೆಗೆಯಬಾರದು ಎಂಬ ಪ್ರಶ್ನೆ ಸಭೆಯಲ್ಲಿ ಬಂತು. ಎರಡು ಅಭಿಪ್ರಾಯಗಳಾದವು. ಕೆಲವು ಹಿರಿಯರು ಮೂರು ವರ್ಷ ಸಭೆಗೆ ಬರಲಿಲ್ಲ. ಮನೆ ನಡೆಯಬೇಕಲ್ಲ, ಅವರ ಕಷ್ಟ ಅವರಿಗೇ ಗೊತ್ತಿತ್ತು. ಈಗ ಎಲ್ಲರೂ ಒಂದಾಗಿರುವುದರಿಂದ ಆ ಮಾತು ಇಲ್ಲಿಗೆ ಸಾಕು. ಕಾಯಿಲೆ ಬಿದ್ದಿದ್ದ ಮೇಷ್ಟ್ರು ನನ್ನನ್ನು ಕರೆಸಿ ಹೇಳಿದ್ದನ್ನು ಮಾತ್ರ ಬರೆಯುತ್ತೇನೆ: "ಹೈಪೋದಲ್ಲಿರೋ ಬೆಳ್ಳಿ ನಮ್ದು ಕಣಪ್ಪ. ನೆಗೆಟಿವ್‌ನಲ್ಲಿರೋದು ಊರಿಂದು."

ನಾನು ಕಾರ್ಯದರ್ಶಿಯಾಗಿದ್ದ ಅವಧಿಯ ಕೆಲಸವನ್ನೂ ದಾಖಲಿಸಬೇಕು. ಒಂದು ಮದುವೆಗೆ ಫ್ಲ್ಯಾಶಿಗೆಂದು ಹಿಡಿಗಟ್ಟಲೆ ಪೆನ್ಸಿಲ್ ಸೆಲ್ ಬಳಸಿ ಛತ್ರದ ಹಿಂದೆ ಎಸೆದು ಬರುತ್ತಿದ್ದೆವು. ಅಂಗಡಿಯಲ್ಲಿ ‘ಸೆಲ್ ಬ್ಯಾಂಕ್’ ತೆರೆದೆ. ಚಾರ್ಜ್ ಮಾಡಿದ ಸೆಲ್ಲುಗಳನ್ನು ಮದುವೆಗೆ ಒಯ್ದು ಮರುದಿನ ತಂದುಕೊಡುವುದು. ಸತ್ತ ಸೆಲ್ಲು ಡ್ರಮ್ಮಿಗೆ. ಅದು ಹಳೇ ಹೈಪೋ ಡ್ರಮ್ಮೇ. ಎರಡು ಲಗ್ನದ ಕಾಲ ಯಾರೂ ತಿರುಗಿ ನೋಡಲಿಲ್ಲ. ನಾನೇ ಛತ್ರಗಳಿಗೆ ಹೋಗಿ ಹುಡುಗರ ಬ್ಯಾಗಿಗೆ ಸೆಲ್ ಹಾಕಿಬರುತ್ತಿದ್ದೆ. ಮೂರನೆಯ ವರ್ಷ ಅವರೇ ಬಂದರು. ಬ್ಯಾಟರಿ ತ್ಯಾಜ್ಯದ ನಿಯಮ 2022ರಲ್ಲಿ ಬಂದಾಗ ನಮ್ಮ ಡ್ರಮ್ಮು ಆಗಲೇ ಹಲವು ಸಲ ತುಂಬಿ ಖಾಲಿಯಾಗಿತ್ತು. 2016ರ ಮಾರ್ಚಿನಲ್ಲಿ ಸರ್ಕಾರ ಪ್ಲಾಸ್ಟಿಕ್, ಫ್ಲೆಕ್ಸ್ ನಿಷೇಧಿಸಿದಾಗ ಸಂಘ ಬಟ್ಟೆ ಬ್ಯಾನರಿಗೆ ತಿರುಗಿತು. ಗಿರಾಕಿಗಳು ಕಡಿಮೆಯಾದರೂ ಹಿಂದೆ ಸರಿಯಲಿಲ್ಲ.

ಸದಸ್ಯರು ಕೊಟ್ಟ ನೆಗೆಟಿವ್‌ಗಳು ಈಗ ಸಂಘದ ಮಹಡಿಯ ಕೋಣೆಯಲ್ಲಿ ಬಿಸ್ಕತ್ತಿನ ಡಬ್ಬಿಗಳಲ್ಲಿ, ವರ್ಷ ಬರೆದ ಚೀಟಿಯೊಡನೆ ಇವೆ. ಹೋದ ಶ್ರಾವಣದಲ್ಲಿ ಹೊಳಲ್ಕೆರೆ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ತಂದೆ ತೀರಿಕೊಂಡಿದ್ದರು, ಮನೆಯಲ್ಲಿ ಅವರ ಮದುವೆಯ ಒಂದು ಫೋಟೊವೂ ಉಳಿದಿರಲಿಲ್ಲ. ತಾಯಿಯ ಹೆಸರು, ಛತ್ರದ ಹೆಸರು ಹೇಳಿದಳು. ಮೂರನೆಯ ಡಬ್ಬಿಯಲ್ಲಿ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಕಪ್ಪು ಬಿಳುಪಾಗಿ, ಬಿಳುಪು ಕಪ್ಪಾಗಿ ಕಾಣುವ ಆ ಸಣ್ಣ ಚೌಕದಲ್ಲಿ ಅವಳು ತಂದೆಯ ಗುರುತು ಹಿಡಿದಳು. ಬಾಸಿಂಗದ ಕೆಳಗೆ, ಅವಳದೇ ಮೂಗು.