ಕೌಟುಂಬಿಕ ನ್ಯಾಯಾಲಯ ಬೆಳೆದುಬಂದ ಬಗೆ

ಭಾರತದಲ್ಲಿ ವಿಚ್ಛೇದನ, ಮಕ್ಕಳ ಪಾಲನೆಯಂಥ ತಕರಾರುಗಳು ಬಹುಕಾಲ ಆಸ್ತಿ ದಾವೆಗಳ ಜತೆಗೇ ಸಿವಿಲ್ ನ್ಯಾಯಾಲಯಗಳಲ್ಲಿ ನಡೆಯುತ್ತಿದ್ದವು. ವಾದ, ಪಾಟೀಸವಾಲು, ತೀರ್ಪು ಎಂಬ ಆ ಕ್ರಮದಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಸೋಲಾಗುತ್ತಿತ್ತು. ಮನಸ್ತಾಪದ ಮೂಲವನ್ನು ಕೇಳುವ ವ್ಯವಧಾನ ಇರಲಿಲ್ಲ.

ಇಂಥ ವ್ಯಾಜ್ಯಗಳಿಗೆ ಬೇರೆಯೇ ನ್ಯಾಯಾಲಯ ಬೇಕೆಂದು ಒತ್ತಾಯಿಸಿದವರಲ್ಲಿ ಸಮಾಜ ಸೇವಕಿ ದುರ್ಗಾಬಾಯಿ ದೇಶಮುಖ್ ಮೊದಲಿಗರು. 1953ರಲ್ಲಿ ಚೀನಾಕ್ಕೆ ಹೋಗಿದ್ದ ಅವರು ಅಲ್ಲಿನ ಕೌಟುಂಬಿಕ ನ್ಯಾಯಾಲಯಗಳನ್ನು ಕಂಡು, ಮರಳಿದ ಮೇಲೆ ಪ್ರಧಾನಿ ನೆಹರೂ ಅವರ ಮುಂದೆ ಈ ವಿಚಾರವಿಟ್ಟರು. 1955ರ ಹಿಂದೂ ವಿವಾಹ ಕಾಯ್ದೆ, ದಂಪತಿಯನ್ನು ರಾಜಿ ಮಾಡಿಸಲು ಮೊದಲು ಯತ್ನಿಸುವುದು ನ್ಯಾಯಾಲಯದ ಕರ್ತವ್ಯವೆಂದಿತು. ಕಾನೂನು ಆಯೋಗ 1974ರ ತನ್ನ 59ನೇ ವರದಿಯಲ್ಲಿ, ಕುಟುಂಬದ ವ್ಯಾಜ್ಯಗಳ ವಿಚಾರಣೆಯ ರೀತಿಯೇ ಬದಲಾಗಬೇಕೆಂದು ಹೇಳಿತು. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಅದಕ್ಕಾಗಿ ತಿದ್ದುಪಡಿಯೂ ಆಯಿತು. ಆದರೂ ನ್ಯಾಯಾಲಯಗಳು ಹಳೆಯ ಜಾಡು ಬಿಡಲಿಲ್ಲ. ಮಹಿಳಾ ಸಂಘಟನೆಗಳ ಒತ್ತಾಯವೂ ಸೇರಿ, 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂತು.

ಈ ಕಾಯ್ದೆಯ ತಿರುಳು ಕೇಳಿಸಿಕೊಳ್ಳುವುದರಲ್ಲಿದೆ. ಇಬ್ಬರೊಂದಿಗೂ ಮಾತನಾಡಲು ಆಪ್ತಸಮಾಲೋಚಕರಿಗೆ ಅವಕಾಶ ಸಿಕ್ಕಿತು. ಕಕ್ಷಿದಾರರು ಬಯಸಿದರೆ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ. ತಮ್ಮ ನೋವನ್ನು ಅವರವರೇ ಹೇಳಿಕೊಳ್ಳಲಿ ಎಂಬುದು ಇದರ ಆಶಯ. ರಾಜಿಯ ಸಾಧ್ಯತೆ ಕಂಡರೆ ವಿಚಾರಣೆಯನ್ನು ಮುಂದೂಡಬಹುದು.

ಮುಂದಿನ ಹೆಜ್ಜೆ ಮಧ್ಯಸ್ಥಿಕೆ. ವ್ಯಾಜ್ಯಗಳನ್ನು ಮಧ್ಯಸ್ಥಿಕೆಗೆ ಕಳಿಸಲು ನ್ಯಾಯಾಲಯಕ್ಕೆ ಅವಕಾಶ ಕೊಡುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ 2002ರಲ್ಲಿ ಹೊಸ ರೂಪದಲ್ಲಿ ಜಾರಿಯಾಯಿತು. 2007ರಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಮಧ್ಯಸ್ಥರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಿಸುತ್ತಾರೆ, ಬೇಕಾದರೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಸಾಕ್ಷ್ಯವಾಗುವುದಿಲ್ಲ. ಮಧ್ಯಸ್ಥರಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಒಪ್ಪಂದ ಕಕ್ಷಿದಾರರದೇ. ಮತ್ತೆ ಒಂದಾಗುವುದಷ್ಟೇ ಇದರ ಗುರಿಯಲ್ಲ. ಹಗೆಯಿಲ್ಲದೆ ಬೇರೆಯಾಗಿ, ಮಕ್ಕಳ ಹೊಣೆ ಹಂಚಿಕೊಳ್ಳುವುದೂ ಪರಿಹಾರವೇ. ದಂಪತಿಯ ವ್ಯಾಜ್ಯಗಳನ್ನು ಆರಂಭದಲ್ಲೇ ಮಧ್ಯಸ್ಥಿಕೆಗೆ ಕಳಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಸೂಚಿಸಿತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯ್ದೆಯಾಯಿತು.

ಈ ಮಾರ್ಗಕ್ಕೂ ಮಿತಿಯಿದೆ. ಹೊಡೆತ ತಿನ್ನುತ್ತಿರುವ ಹೆಣ್ಣಿಗೆ ಹೊಂದಿಕೊಂಡು ಹೋಗೆಂದು ಹೇಳುವುದು ಸಮಾಲೋಚನೆಯಲ್ಲ. ಅಲ್ಲಿ ಮೊದಲು ಸಿಗಬೇಕಾದದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣೆ. ಇಬ್ಬರೂ ಭಯವಿಲ್ಲದೆ ಮಾತನಾಡಬಲ್ಲ ಕಡೆ ಮಾತ್ರ ರಾಜಿ ನ್ಯಾಯವಾಗುತ್ತದೆ.