ಹೆಬ್ಬಾವಿನ ಸ್ವಭಾವ: ಇನ್ನೂರು ವರ್ಷಗಳಲ್ಲಿ ನಾವು ಕಲಿತದ್ದು

ಹೊಗೇನಕಲ್‌ನಿಂದ ಮೆಟ್ಟೂರು ಜಲಾಶಯದವರೆಗೆ ಕಾವೇರಿ ಹರಿಯುವ ದಾರಿಯಲ್ಲಿ ಬಂಡೆ, ಕುರುಚಲು ಕಾಡು, ನೀರು ಮೂರೂ ಒಟ್ಟಿಗಿವೆ. ಹೆಬ್ಬಾವಿಗೆ ಬೇಕಾದದ್ದೂ ಇವೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಕುಟುಂಬಗಳು ಇಂದಿಗೂ ಇರುವ ಧರ್ಮಪುರಿ, ಸೇಲಂ ಜಿಲ್ಲೆಗಳ ಕಾಡಂಚಿನಲ್ಲಿ ಕೋಳಿಗೂಡಿಗೋ ಮೇಕೆ ಕೊಟ್ಟಿಗೆಗೋ ಹೆಬ್ಬಾವು ನುಗ್ಗುವುದು ಹೊಸ ಸಂಗತಿಯೇನಲ್ಲ. ಹೊಸದೆಂದರೆ, ಹೆಗಲ ಮೇಲೆ ದೊಡ್ಡ ಹಾವು ಹಾಕಿಕೊಂಡು ಕೂತವರ ವಿಡಿಯೊ ನೋಡಿ ಬೆಳೆದ ಹುಡುಗರು ಅದನ್ನು ಸಾಕುವ ಪ್ರಾಣಿ ಎಂದುಕೊಳ್ಳುತ್ತಿರುವುದು. ‘ವಿಷ ಇಲ್ಲ, ಸಾಧು ಹಾವು, ಏನೂ ಮಾಡಲ್ಲ’ ಎಂಬ ಮಾತು ಸಲೀಸಾಗಿ ಓಡಾಡುತ್ತಿದೆ. ಹೆಬ್ಬಾವನ್ನು ಸಾಧು ಎನ್ನುವುದೂ ತಪ್ಪು, ಕ್ರೂರಿ ಎನ್ನುವುದೂ ತಪ್ಪು. ಹಸಿವು, ಮೈಯ ಬಿಸಿ, ಪೊರೆ, ಭಯ: ಆ ಹೊತ್ತಿಗೆ ಇವು ಹೇಗಿವೆಯೋ ಅದರ ನಡವಳಿಕೆಯೂ ಹಾಗೆ. ಇಷ್ಟನ್ನು ತಿಳಿಯಲು ವಿಜ್ಞಾನಕ್ಕೆ ಎರಡು ಶತಮಾನ ಹಿಡಿಯಿತು.

ಹೆಸರಿನಿಂದ ನಡವಳಿಕೆಗೆ

ಭಾರತದ ಹೆಬ್ಬಾವಿಗೆ ಲಿನೇಯಸ್ ವೈಜ್ಞಾನಿಕ ಹೆಸರಿಟ್ಟದ್ದು 1758ರಲ್ಲಿ. 1796ರಲ್ಲಿ ಪ್ಯಾಟ್ರಿಕ್ ರಸೆಲ್ ಕೋರಮಂಡಲ ತೀರದ ಹಾವುಗಳನ್ನು ಚಿತ್ರಸಹಿತ ಪ್ರಕಟಿಸಿದರು. ಆ ಕಾಲದ ಕೆಲಸವೆಲ್ಲ ಹುರುಪೆ ಎಣಿಸುವುದು, ಬಣ್ಣ ಬರೆದಿಡುವುದು. ಹಾವಿನ ನಡವಳಿಕೆಯ ಕಡೆಗೆ ಕಣ್ಣು ಹೊರಳಿಸಿದವರಲ್ಲಿ ಲಮಾರ್‌ ಪಿಕೋ ಎಂಬ ಫ್ರೆಂಚ್ ಪ್ರವಾಸಿ ಒಬ್ಬರು. ಮೊಟ್ಟೆಗಳನ್ನು ಸುತ್ತಿ ಮಲಗಿದ ಹೆಣ್ಣು ಹೆಬ್ಬಾವಿನ ಮೈ ಬಿಸಿಯಾಗಿರುತ್ತದೆ ಎಂದು ಅವರು 1830ರ ದಶಕದಲ್ಲಿ ಹೇಳಿದಾಗ ಪ್ಯಾರಿಸ್ಸಿನ ವಿದ್ವಾಂಸರು ನಂಬಲಿಲ್ಲ. 1841ರಲ್ಲಿ ಅಲ್ಲಿಯದೇ ಪ್ರಾಣಿಸಂಗ್ರಹಾಲಯದಲ್ಲಿ ವಾಲೆನ್ಸಿಯೆನ್ ಅದನ್ನು ಅಳೆದು ತೋರಿಸಿದರು. 1966ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಕಾರಣವನ್ನೂ ಖಚಿತಪಡಿಸಿದರು: ತಾಯಿಹಾವು ಸ್ನಾಯುಗಳನ್ನು ಮತ್ತೆ ಮತ್ತೆ ನಡುಗಿಸಿ ಶಾಖ ಹುಟ್ಟಿಸಿಕೊಳ್ಳುತ್ತದೆ. ಸುಮಾರು ಎರಡು ತಿಂಗಳು ಮೊಟ್ಟೆ ಕಾಯುವ ಇಂಥ ಹಾವು ಜಡವಾಗಿ ಬಿದ್ದಂತೆ ಕಂಡರೂ ಒಳಗೆ ದುಡಿಯುತ್ತಲೇ ಇರುತ್ತದೆ.

ಚರ್ಮದ ವ್ಯಾಪಾರ ನಿಂತ ಮೇಲೆ

ತಮಿಳುನಾಡಿನಲ್ಲಿ ಹಾವಿನ ನಿಜವಾದ ಅರಿವು ಇದ್ದದ್ದು ಇರುಳರೆಂಬ ಬುಡಕಟ್ಟಿನವರಲ್ಲಿ. ಹಾವಿನ ಚರ್ಮದ ವ್ಯಾಪಾರವೇ ಅವರ ಹೊಟ್ಟೆಪಾಡೂ ಆಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಆ ದಾರಿ ಮುಚ್ಚಿತು. ಹಾವು ತಜ್ಞ ರೋಮ್ಯುಲಸ್ ವಿಟೇಕರ್ ಅದೇ ಹೊತ್ತಿಗೆ ಮದರಾಸಿನಲ್ಲಿ ಹಾವಿನ ಉದ್ಯಾನ ಕಟ್ಟಿದ್ದರು. 1978ರಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ಹಾವು ಕೊಲ್ಲುತ್ತಿದ್ದ ಕೈಗಳು ವಿಷ ತೆಗೆದು ಹಾವನ್ನು ಕಾಡಿಗೆ ಬಿಡತೊಡಗಿದವು.

ಹಾವು ಹುಡುಕುವ ಇವರ ವಿದ್ಯೆಯ ಬೆಲೆ ಜಗತ್ತಿಗೆ ಗೊತ್ತಾದದ್ದು 2017ರಲ್ಲಿ. ಅಮೆರಿಕದಲ್ಲಿ ಸಾಕಲು ತಂದ ಬರ್ಮಾ ಹೆಬ್ಬಾವುಗಳು ಕೈತಪ್ಪಿ, ಕೆಲವನ್ನು ಸಾಕಿದವರೇ ಬಿಟ್ಟು, ಫ್ಲಾರಿಡಾದ ಜೌಗು ಕಾಡಿನಲ್ಲಿ ಸಂತಾನ ಬೆಳೆಸಿ ಅಲ್ಲಿಯ ಪ್ರಾಣಿಗಳನ್ನು ಬರಿದು ಮಾಡುತ್ತಿದ್ದವು. ಅವನ್ನು ಹುಡುಕಲು ಕರೆಸಿದ್ದು ಮಾಸಿ ಸಡಯ್ಯನ್ ಮತ್ತು ವಡಿವೇಲ್ ಗೋಪಾಲ್ ಎಂಬ ಇಬ್ಬರು ಇರುಳರನ್ನು. ಎರಡೇ ವಾರಗಳೊಳಗೆ 13 ಹೆಬ್ಬಾವು ಸಿಕ್ಕವು. ಒಂದು ಹೆಣ್ಣು 16 ಅಡಿ ಉದ್ದವಿತ್ತು. ಅವರು ದಟ್ಟ ಪೊದೆಗೇ ನುಗ್ಗಿ ಹಿಕ್ಕೆ, ಪೊರೆ, ಹಾವು ಸರಿದ ಜಾಡು ನೋಡಿದರು. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು.

ಬಿಲದ ಬಾಯಲ್ಲಿ ಕಂಡದ್ದು

ಕಾಡಿನಲ್ಲಿ ಹೆಬ್ಬಾವಿನ ಬದುಕನ್ನು ಭಾರತದಲ್ಲಿ ಶಾಸ್ತ್ರೀಯವಾಗಿ ಗಮನಿಸಿದವರಲ್ಲಿ ಎಸ್. ಭೂಪತಿ ಮತ್ತು ವಿ.ಎಸ್. ವಿಜಯನ್ ಮೊದಲಿಗರು. ರಾಜಸ್ಥಾನದ ಭರತಪುರದ ಕುರಿತ ಅವರ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಅಲ್ಲಿಯ ಹೆಬ್ಬಾವುಗಳು ಮುಳ್ಳುಹಂದಿ ತೋಡಿದ ಬಿಲಗಳಲ್ಲಿರುತ್ತವೆ. ಚಳಿಗಾಲದ ಹಗಲಿನಲ್ಲಿ ಬಿಲದ ಬಾಯಲ್ಲಿ ಬಿಸಿಲು ಕಾಯುತ್ತವೆ. ಮುಂದೆ ನಮ್ಮ ಸೀಮೆಗೆ ಹತ್ತಿರದ ಮೋಯಾರ್ ಕಣಿವೆಯಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯವರು ಹಾವಿನ ದೇಹದೊಳಗೆ ಟ್ರಾನ್ಸ್‌ಮಿಟರ್ ಇಟ್ಟು ಅದರ ಓಡಾಟವನ್ನು ಹಿಂಬಾಲಿಸಿದರು.

ಪ್ರಯೋಗಶಾಲೆಯೂ ಹಳೆಯ ನಂಬಿಕೆಗಳನ್ನು ಕದಲಿಸಿತು. ಹೆಬ್ಬಾವಿನ ಜಾತಿಯವು ಉಸಿರುಗಟ್ಟಿಸಿ ಕೊಲ್ಲುತ್ತವೆ ಎಂದೇ ನಾವೆಲ್ಲ ಓದಿದ್ದೆವು. ಬೋವಾ ಹಾವುಗಳ ಮೇಲೆ ನಡೆದ 2015ರ ಅಧ್ಯಯನದಲ್ಲಿ, ಅವುಗಳ ಬಿಗಿತಕ್ಕೆ ಬೇಟೆಯ ರಕ್ತಸಂಚಾರವೇ ಕ್ಷಣಗಳಲ್ಲಿ ಕುಸಿಯುವುದು ಕಂಡಿತು. ಕೆನಡಾದಲ್ಲಿ ಗಾರ್ಟರ್ ಹಾವುಗಳ ಮೇಲೆ ನಡೆದ 2020ರ ಅಧ್ಯಯನವು ಒಂದೇ ಜಾತಿಯಲ್ಲೂ ಒಂದು ಹಾವು ಧೈರ್ಯದ್ದು, ಇನ್ನೊಂದು ಅಂಜುಬುರುಕ ಎಂದು ತೋರಿಸಿತು.

ಕೈಯಿಡುವ ಮುನ್ನ

ಇಷ್ಟೂ ಅರಿವು ಒಂದಾಗುವುದು ಹಾವನ್ನು ಎತ್ತುವ ಕ್ಷಣದಲ್ಲಿ. ಕಬ್ಬಿನ ಗದ್ದೆಯ ಬದುವಿನಲ್ಲಿ ಹೆಬ್ಬಾವು ಬಿದ್ದಿದೆ ಎಂದುಕೊಳ್ಳಿ. ಬಲ್ಲವರು ಮೊದಲು ಮಾಡುವ ಕೆಲಸ ಜನರನ್ನು ಹಿಂದೆ ಸರಿಸುವುದು. ಆಮೇಲೆ ಹೊಟ್ಟೆ ನೋಡುತ್ತಾರೆ. ನಡುವೆ ಉಬ್ಬಿದ್ದರೆ ಈಗಷ್ಟೇ ನುಂಗಿದೆ. ಮುಟ್ಟಿದರೆ ನುಂಗಿದ್ದನ್ನು ಕಕ್ಕುತ್ತದೆ. ಕಣ್ಣು ಹಾಲುಗಟ್ಟಿದ್ದರೆ ಪೊರೆ ಬಿಡುವ ಹೊತ್ತು. ಸರಿಯಾಗಿ ಕಾಣದ ಹಾವು ಬೇಗ ಬೆದರಿ ಕಚ್ಚುತ್ತದೆ. ಕೋಳಿಯನ್ನೋ ಮೇಕೆಯನ್ನೋ ಹಿಡಿದ ಕೈಯನ್ನು ಅದರ ಹತ್ತಿರ ಚಾಚುವಂತಿಲ್ಲ. ತುಟಿಯಂಚಿನ ಕುಳಿಗಳಿಂದ ಬಿಸಿಯನ್ನು ಗುರುತಿಸುವ ಹಾವಿಗೆ, ಬೇಟೆಯ ವಾಸನೆ ಹತ್ತಿದ ಬೆಚ್ಚನೆಯ ಕೈ ಬೇಟೆಯೇ. ಹತ್ತಡಿ ದಾಟಿದ ಹಾವಿಗೆ ಒಬ್ಬರು ಸಾಲದು. ಮೈಯುದ್ದಕ್ಕೂ ಆಸರೆ ಕೊಟ್ಟು ಎತ್ತಬೇಕು, ಕೊರಳಿಗೆ ಎಂದೂ ಹಾಕಿಕೊಳ್ಳಬಾರದು. ಕೈಗೆ ಸುತ್ತಿದರೆ ಬಾಲದ ಕಡೆಯಿಂದ ಬಿಡಿಸಬೇಕು. ಕಚ್ಚಿದರೆ ಎಳೆಯಬಾರದು, ಹಲ್ಲುಗಳು ಹಿಂದಕ್ಕೆ ಬಾಗಿರುವುದರಿಂದ ಎಳೆದಷ್ಟೂ ಗಾಯ ಹರಿಯುತ್ತದೆ. ಬಟ್ಟೆಯ ಚೀಲದ ಕತ್ತಲಲ್ಲಿ ಹಾವು ಶಾಂತವಾಗುತ್ತದೆ.

ಸಾಕುವ ಆಸೆ, ಕಾನೂನಿನ ಗಡಿ

ನಮ್ಮ ಹೆಬ್ಬಾವು ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಅದನ್ನು ಹಿಡಿದಿಟ್ಟುಕೊಂಡರೆ ಜೈಲು. ಹಾಗಾಗಿ ಆಸೆ ವಿದೇಶಿ ಹಾವುಗಳತ್ತ ತಿರುಗಿದೆ. ಸೆಪ್ಟೆಂಬರ್ 2023ರಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು ಸಿಕ್ಕವು. ಜತೆಗಿದ್ದ ಆರು ಕೋತಿಗಳು ಸತ್ತಿದ್ದವು. ಮರುವರ್ಷ ಏಪ್ರಿಲ್‌ನಲ್ಲಿ ಅಲ್ಲೇ 10 ಹಳದಿ ಅನಕೊಂಡಗಳು ಸಿಕ್ಕವು. 2020ರಲ್ಲಿ ಕೇಂದ್ರ ಸರ್ಕಾರ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರ ಸ್ವಯಂಘೋಷಣೆಗೆ ಅವಕಾಶ ಕೊಟ್ಟಿತು, 2022ರಲ್ಲಿ ಕಾಯ್ದೆಯನ್ನೇ ತಿದ್ದಿತು. 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಲೇಬೇಕು.

ನೋಂದಣಿ ಮಾಡಿಸಿದ ಮಾತ್ರಕ್ಕೆ ಹಾವು ಒಗ್ಗಿಬಿಡುವುದಿಲ್ಲ. ದಿನವೂ ಮುಟ್ಟಿಸಿಕೊಂಡ ಹೆಬ್ಬಾವು ಮನುಷ್ಯನಿಗೆ ಹೆದರುವುದನ್ನು ಬಿಡಬಹುದು. ಅದನ್ನು ಪ್ರೀತಿ ಎಂದು ತಿಳಿದವರು ಹಸಿವಿನ ದಿನ ಮೈಮರೆಯುತ್ತಾರೆ. ದೊಡ್ಡ ಜಾತಿಯದಾದರೆ ಅಂಗೈಯಗಲದ ಮರಿ ಕೆಲವೇ ವರ್ಷಗಳಲ್ಲಿ ಇಬ್ಬರು ಎತ್ತುವಷ್ಟಾಗುತ್ತದೆ. ಆಗ ಅದನ್ನು ಕಾವೇರಿ ದಡದಲ್ಲಿ ಬಿಟ್ಟರೆ ಫ್ಲಾರಿಡಾದ ತಪ್ಪು ನಮ್ಮಲ್ಲೂ ಶುರುವಾದೀತು.

ಈ ನೆಲದಲ್ಲಿ ಹಾವಿಗೆ ಜಾಗವಿದೆ. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿ ಧಾಮಗಳು ಘೋಷಣೆಯಾದವು. ಧರ್ಮಪುರಿ, ಕೃಷ್ಣಗಿರಿಯ ಕಾಡು ಕರ್ನಾಟಕದ ಕಾವೇರಿ ಧಾಮಕ್ಕೆ ಕೂಡಿಕೊಂಡಿತು. ಇನ್ನು ಬೇಕಾದದ್ದು ತರಬೇತಿ. ಹಾವು ಬಂತೆಂದು ಕರೆದರೆ ಓಡಿಬರುವವರು ಅಗ್ನಿಶಾಮಕ ದಳದವರು, ಅರಣ್ಯ ಸಿಬ್ಬಂದಿ. ಅವರಿಗೂ, ಕಾಡಂಚಿನ ಶಾಲೆಗಳ ಮಕ್ಕಳಿಗೂ ಇರುಳರನ್ನೇ ಮೇಷ್ಟ್ರಾಗಿ ಕೂರಿಸಿ, ತಮಿಳು ಕನ್ನಡ ಎರಡರಲ್ಲೂ ಪಾಠ ಮಾಡಿಸಬೇಕು. ಆ ಪಾಠದಲ್ಲಿ ಹಾವನ್ನು ಹಿಡಿಯುವುದಕ್ಕಿಂತ ಮೊದಲು ಕಲಿಸಬೇಕಾದದ್ದು, ಯಾವಾಗ ಹಿಡಿಯಬಾರದು ಎಂಬುದನ್ನು.